ಉಪ್ಪಿನ ಹಡಗು ನಡೆದು ಬಂದದ್ದು

ನಮ್ಮದು ಈ ಬಂದರಿನ ಹಳೆಯ ಮನೆ. ಹಡಗು ನಿಲ್ಲುವ ಧಕ್ಕೆಗೆ ಕಲ್ಲು ಹಾಸುವ ಮೊದಲೇ ನಮ್ಮ ಹೊಸ್ತಿಲು ಇತ್ತು ಎಂದು ಊರಿನವರು ಹೇಳುತ್ತಾರೆ. ನಾವು ಹೇಳಿಕೊಂಡು ತಿರುಗುವುದಿಲ್ಲ. ನನ್ನ ಮುತ್ತಜ್ಜಿಯ ಅಜ್ಜಿಯಿಂದ ನನ್ನವರೆಗೆ ನಮ್ಮ ಮನೆಯ ಹೆಂಗಸರು ಯಾರ ಮುಂದೆಯೂ ಸೆರಗು ಒಡ್ಡಿದವರಲ್ಲ, ಯಾರ ಮನೆಯ ಅಡುಗೆಯನ್ನೂ ಹೊಗಳಿ ಮತ್ತೊಮ್ಮೆ ಬಡಿಸಿಕೊಂಡವರಲ್ಲ, ಬೀದಿಯಲ್ಲಿ ನಿಂತು ನಕ್ಕವರಲ್ಲ. ಧಕ್ಕೆಯ ಮೆಟ್ಟಿಲುಗಳಲ್ಲಿ ಎಲ್ಲಕ್ಕಿಂತ ಮೇಲಿನದು ನಮ್ಮದು. ಅಲ್ಲಿ ಒಂದು ಕಲ್ಲಿನ ಪೀಠ ಇದೆ; ಬೆನ್ನು ಒರಗಿಸಲು ಅದಕ್ಕೆ ಏನೂ ಇಲ್ಲ. ಅದರ ಮೇಲೆ ನನ್ನ ಅಜ್ಜಿ ಕುಳಿತಿದ್ದರು, ನನ್ನ ತಾಯಿ ಕುಳಿತಿದ್ದರು, ಈಗ ನಾನು ಕುಳಿತುಕೊಳ್ಳುತ್ತೇನೆ. ನಮ್ಮ ಮನೆತನದ ಕೆಲಸ ಇಷ್ಟೇ: ಊರಿನ ಪರವಾಗಿ ವಾಂತಿ ಮಾಡುವುದು.

ಇದಕ್ಕೆ ನಗುವವರು ನಮ್ಮ ಬಂದರಿನವರಾಗಿರಲಾರರು.

ನಮ್ಮ ಊರಿನ ನಿಯಮ ಹೀಗಿದೆ. ಹಡಗು ಬಾರದೆ ಹೋದರೆ ಹಡಗು ನಡೆದು ಬರಬೇಕು. ಒಬ್ಬರು ಅದರ ಒಡಲನ್ನು ತಮ್ಮ ಮೈಮೇಲೆ ಕಟ್ಟಿಕೊಂಡು, ಅದರ ನಡೆಯನ್ನು ತಮ್ಮ ಕಾಲಿಗೆ ಕಲಿಸಿಕೊಂಡು, ನೀರಿನ ಅಂಚಿನಿಂದ ಮೆಟ್ಟಿಲೇರಿ ಊರಿನ ಎದುರಿಗೆ ಬರಬೇಕು. ನಡೆ ಸುಳ್ಳಾದರೆ ಅದು ಬರೀ ವೇಷ. ನಡೆ ನಿಜವಾದರೆ ನೋಡುವವರಿಗೆ ಕಡಲಿನ ಮೇಲೆ ಇದ್ದಂತೆಯೇ ಹೊಟ್ಟೆ ತೊಳಸುತ್ತದೆ. ಪೀಠದ ಮೇಲೆ ಕುಳಿತವಳಿಗೆ ವಾಂತಿಯಾದರೆ ಊರು "ಹೌದು, ಅದೇ" ಎನ್ನುತ್ತದೆ. ಆಗ ಹಡಗು ಮುಳುಗಿದಂತೆ. ಆಗ ಅದರಲ್ಲಿ ಹೋದವರ ಹೆಂಡಂದಿರು ಅಳಬಹುದು.

ಅಲ್ಲಿಯವರೆಗೆ ಅವರು ಅಳುವಂತಿಲ್ಲ. ಅವರನ್ನು ನಾವು ಕಾಯುವವರು ಎಂದು ಕರೆಯುತ್ತೇವೆ. ಕಾಯುವವರ ಮುಡಿಯಲ್ಲಿ ಹೂವಿರಬೇಕು. ಊಟಕ್ಕೆ ಒಂದು ತಟ್ಟೆ ಹೆಚ್ಚಿಗೆ ಇಡಬೇಕು. ಮಾರನೆಯ ದಿನ ಆ ಅನ್ನವನ್ನು ಕಡಲಿಗೆ ಸುರಿಯಬೇಕು. ಯಾರಾದರೂ ಕೇಳಿದರೆ "ಬರ್ತಾರೆ" ಎಂದು ನಗುಮುಖದಿಂದ ಹೇಳಬೇಕು. ಹಡಗು ನಡೆದು ಬಾರದೆ ಸತ್ತುಹೋದ ಕಾಯುವವರೂ ಇದ್ದಾರೆ. ಅವರನ್ನು ಹೂವಿನೊಡನೆಯೇ ಸುಡುತ್ತೇವೆ.

ಧಕ್ಕೆಯ ಪಕ್ಕದಲ್ಲಿ ಚಿಪ್ಪಿನ ಸಾಲೆ ಇದೆ. ನಡೆದು ಬಂದ ಹಡಗುಗಳ ಚಿಪ್ಪುಗಳನ್ನು, ಅಂದರೆ ನಡೆದವರು ಮೈಗೆ ಕಟ್ಟಿಕೊಂಡ ಒಡಲುಗಳನ್ನು, ಅಲ್ಲಿ ತೂಗುಹಾಕಿದ್ದೇವೆ. ಕುದುರೆ ಹಡಗಿನ ಚಿಪ್ಪು ಇದೆ. ದೂರದ ದೇಶದ ಕುದುರೆಗಳನ್ನು ತರುತ್ತಿದ್ದ ಆ ಹಡಗಿನ ತಳದಲ್ಲಿ ಗೊರಸುಗಳು ಒಟ್ಟಿಗೆ ಒದ್ದಾಡುತ್ತಿದ್ದವಂತೆ, ಆದ್ದರಿಂದ ಅದರ ನಡೆ ಮುಗ್ಗರಿಸುವ ನಡೆ. ಯಾತ್ರಿಕರ ಹಡಗಿನ ಚಿಪ್ಪು ಇದೆ. ಅದರಲ್ಲಿ ಎಲ್ಲರೂ ಪಡುವಣದ ಅಂಚಿಗೆ ಬಂದು ನಿಂತು ಪ್ರಾರ್ಥಿಸುತ್ತಿದ್ದರಂತೆ, ಆದ್ದರಿಂದ ಅದರ ನಡೆ ತಲೆಬಾಗಿದ ನಡೆ. ಅಕ್ಕಿಯ ಹಡಗಿನ ಚಿಪ್ಪಿನಲ್ಲಿ ಈಗಲೂ ಹುಳು ಇವೆ. ನನ್ನ ತಾಯಿ ಕುದುರೆ ಹಡಗಿಗೆ ವಾಂತಿ ಮಾಡಿದಾಗ ಸೆರಗಿನ ಮೇಲೆ ಒಂದು ಹನಿಯೂ ಬೀಳಲಿಲ್ಲ. ಅದನ್ನು ಊರು ಇನ್ನೂ ನೆನೆಸಿಕೊಳ್ಳುತ್ತದೆ.

ನಾನು ಓದಿದ್ದು ಗುಡ್ಡದ ಮೇಲಿನ ಕಾನ್ವೆಂಟಿನಲ್ಲಿ. ಸಿಸ್ಟರುಗಳು ನಮಗೆ ತಲೆಯ ಮೇಲೆ ಪುಸ್ತಕ ಇಟ್ಟುಕೊಂಡು ನಡೆಯಲು ಕಲಿಸಿದರು, ಬಾಯಿ ಮುಚ್ಚಿ ಅಗಿಯಲು ಕಲಿಸಿದರು, ಬಾಯಿಗೆ ಹಾಕಿಕೊಂಡದ್ದನ್ನು ಏನೇ ಆದರೂ ಉಗುಳಬಾರದೆಂದು ಕಲಿಸಿದರು. ಹೊಲಸು ಎಂದರೇನು ಎಂದು ಅವರು ನನಗೆ ಬಹಳ ಸ್ಪಷ್ಟವಾಗಿ ಕಲಿಸಿದರು. ಪೀಠದ ಮೇಲೆ ಕುಳಿತುಕೊಳ್ಳುವವಳಿಗೆ ಇದು ಬೇಕು. ಯಾವುದಕ್ಕೂ ಹೇಸದವಳ ವಾಂತಿಗೆ ಬೆಲೆ ಇಲ್ಲ. ಎಲ್ಲದಕ್ಕೂ ಹೇಸುವವಳ ವಾಂತಿಗೂ ಬೆಲೆ ಇಲ್ಲ.

ಉಪ್ಪಿನ ಹಡಗು ಬರಲಿಲ್ಲ.

ಹೋಗುವಾಗ ಅದು ತುಂಬಿತ್ತು. ಕಡಲು ಶಾಂತವಾಗಿತ್ತು. ಬೇರೆ ಹಡಗುಗಳು ಅದೇ ದಾರಿಯಲ್ಲಿ ಹೋಗಿ ಬಂದವು. ಉಪ್ಪಿನ ಹಡಗಿನ ಒಡೆಯ ಧಕ್ಕೆಯ ಮೇಲೆ ನಿಂತು, "ಬರ್ತದೆ, ಬರ್ತದೆ. ಉಪ್ಪಿಗೆಂತ ಅವಸರ? ಕೊಳೆಯುವ ಸಾಮಾನೇ ಅದು?" ಎಂದು ಎಲ್ಲರ ಬೆನ್ನು ತಟ್ಟಿದ. ಅವನಿಗೆ ಬೆನ್ನು ತಟ್ಟುವ ಚಾಳಿ. ಅಂಗೈ ಯಾವಾಗಲೂ ತೇವವಾಗಿರುತ್ತದೆ. ತಟ್ಟಿಸಿಕೊಂಡವರ ರವಿಕೆಯ ಮೇಲೆ ಐದು ಬೆರಳಿನ ಗುರುತು ಮೂಡುತ್ತದೆ.

ಬಹಳ ಕಾಲವಾದ ಮೇಲೂ ಹಡಗು ಬಾರದಿದ್ದಾಗ ಕಾಯುವವರು ಊರಿನ ಸಭೆಗೆ ಹೋದರು. ಅವರಲ್ಲಿ ಮುಂದೆ ನಿಂತವಳು ಆ ಹಡಗಿನ ಅಡುಗೆಯವನ ಹೆಂಡತಿ. ಅವಳಿಗೆ ನಾಲಗೆ ಉದ್ದ.

"ಒಡೆಯರೇ, ಕೊಳೆಯುವ ಸಾಮಾನು ಅದರಲ್ಲಿ ಉಂಟು. ನನ್ನ ಗಂಡ," ಎಂದಳು.

ಒಡೆಯ ನಕ್ಕ. ನಿಯಮದಂತೆ ಹಡಗನ್ನು ನಡೆಸಿ ತರಲು ಒಪ್ಪಿದ. ನಡೆಯುವವಳನ್ನು ತಾನೇ ಕೊಡುತ್ತೇನೆಂದ. ಅವನ ತಂಗಿಯ ಮಗಳು ನೃತ್ಯ ಕಲಿತವಳು. ಅವಳು ಗಂಧದ ತೊಗಟೆ, ಕನ್ನಡಿಯ ಚೂರು, ಬಿಳಿ ರೇಷ್ಮೆ ಇವುಗಳಿಂದ ಚಿಪ್ಪು ಮಾಡಿಕೊಂಡು ಮೆಟ್ಟಿಲೇರಿ ಬಂದಳು. ಒಡೆಯನ ಪಡಸಾಲೆಯ ಗೋಡೆಯ ಮೇಲಿನ ಚಿತ್ರದಲ್ಲಿ ಉಪ್ಪಿನ ಹಡಗು ಹೇಗೆ ನೆಟ್ಟಗೆ, ಹಂಸದಂತೆ ನಿಂತಿದೆಯೋ ಹಾಗೆಯೇ ಬಂದಳು. ಪಟಗಳು ಗಾಳಿಗೆ ಉಬ್ಬಿದವು. ಕನ್ನಡಿಗಳು ಮಿನುಗಿದವು. ಮಾಳಿಗೆಗಳ ಮೇಲಿದ್ದವರು ಚಪ್ಪಾಳೆ ತಟ್ಟಿದರು. ಪೀಠದ ಮೇಲೆ ಉಪವಾಸ ಕುಳಿತಿದ್ದ ನನಗೆ ಹಸಿವಾಯಿತು.

ನಾನು ಅದನ್ನು ಹಾಗೆಯೇ ಹೇಳಿದೆ. "ನನಗೆ ಹಸಿವಾಗಿದೆ. ಇದು ಹಡಗಲ್ಲ."

ತಂಗಿಯ ಮಗಳು ಅತ್ತಳು. ಅವಳಿಗೆ ಅಳುವ ಹಕ್ಕು ಇತ್ತು, ಅವಳು ಕಾಯುವವಳಲ್ಲ.

"ನೋಡಿದಿರಾ? ಹಡಗು ಮುಳುಗಲೇ ಇಲ್ಲ, ಅದಕ್ಕೇ ನಡೆದು ಬರಲಿಲ್ಲ," ಎಂದು ಒಡೆಯ ಎಲ್ಲರ ಬೆನ್ನು ತಟ್ಟಿದ. ಅವನಿಗೆ ಬೇಕಾಗಿದ್ದದ್ದೂ ಅದೇ ಎಂದು ಆಗ ನನಗೆ ತಿಳಿಯಿತು. ಮುಳುಗದ ಹಡಗು ಏಕೆ ಮುಳುಗಿತೆಂದು ಯಾರೂ ಕೇಳುವುದಿಲ್ಲ.

ಆಮೇಲೆ ಕಾಯುವವರು ತಾವೇ ಒಬ್ಬಳನ್ನು ಕರೆತಂದರು. ಅವಳು ಎಲ್ಲಿಂದ ಬಂದಳೆಂದು ಹೇಳಲಿಲ್ಲ. ಊರೂರು ತಿರುಗಿ ಸತ್ತದ್ದನ್ನೆಲ್ಲ ನಡೆಸುವುದು ಅವಳ ಕಸುಬು: ಬಿದ್ದ ಮರ, ಬತ್ತಿದ ಹೊಳೆ, ಮುಚ್ಚಿದ ಗಿರಣಿ. ಅವಳನ್ನು ನಾನು ನಡೆಗಾರ್ತಿ ಎನ್ನುತ್ತೇನೆ. ಕೂದಲು ಬಾಚಿರಲಿಲ್ಲ. ಉಗುರಿನ ಸಂದಿಯಲ್ಲಿ ಡಾಂಬರು ಇತ್ತು. ಹಳೆಯ ಬಲೆಗಳ ಕೊಟ್ಟಿಗೆಯಲ್ಲಿ ಅವಳು ಕೆಲಸಕ್ಕೆ ಕುಳಿತಳು.

ಪೀಠದವಳು ನಡೆಯನ್ನು ಮೊದಲೇ ನೋಡುವಂತಿಲ್ಲ. ಆದರೆ ಚಿಪ್ಪನ್ನು ಮುಟ್ಟಿ ನೋಡಬೇಕು. ಅದು ನನ್ನ ಕರ್ತವ್ಯ. ನಾನು ಮೂಗಿಗೆ ಕರ್ಚೀಫು ಹಿಡಿದು ಕೊಟ್ಟಿಗೆಗೆ ಹೋದೆ.

ಅಂಥ ವಾಸನೆಯನ್ನು ಹೇಗೆ ಬರೆಯಲಿ? ಒಂದು ಹಂಡೆಯಲ್ಲಿ ಮೀನಿನ ಅಂಟು ಕುದಿಯುತ್ತಿತ್ತು. ಇನ್ನೊಂದರಲ್ಲಿ ಡಾಂಬರು. ನೆಲದ ಮೇಲೆ, ಹೂವು ನಿಲ್ಲುವಷ್ಟು ಮುಡಿ ಉಳಿಸಿಕೊಂಡು ಕಾಯುವವರು ಕತ್ತರಿಸಿ ಕೊಟ್ಟ ಕೂದಲಿನ ರಾಶಿ. ಕೆಲವು ಜಡೆಗಳಲ್ಲಿ ಬಾಡಿದ ಹೂವು ಹಾಗೆಯೇ ಇತ್ತು, ಕೆಲವು ನರೆತಿದ್ದವು. ನಡೆಗಾರ್ತಿ ಗೋಣಿಯ ಮೇಲೆ ಕೂದಲು ಹಾಸಿ, ಅದರ ಮೇಲೆ ಅಂಟು ಸವರಿ, ಅದರ ಮೇಲೆ ಡಾಂಬರು ಮೆತ್ತಿ, ಒದ್ದೆಯಿರುವಾಗಲೇ ತನ್ನ ಮೈಗೆ ಒತ್ತಿಕೊಳ್ಳುತ್ತಿದ್ದಳು. ತನ್ನ ಪಕ್ಕೆಲುಬುಗಳಿಗೆ ಹಡಗಿನ ಪಕ್ಕೆಲುಬು, ತನ್ನ ಬೆನ್ನುಮೂಳೆಗೆ ಹಡಗಿನ ತಳಮರ. ಎಡಸೊಂಟಕ್ಕೆ ಒದ್ದೆ ಉಪ್ಪಿನ ಮೂಟೆಯನ್ನು ಬಿಗಿದು ಕಟ್ಟಿದ್ದಳು. ಅದರಿಂದ ನೀರು ಇಳಿಯುತ್ತಿತ್ತು. ನೀರು ಬಿಳಿಯಾಗಿರಲಿಲ್ಲ, ಅಡಿಯ ಚರ್ಮ ಸುಲಿದಿತ್ತು.

"ಇದೆಂಥ ಹೊಲಸು?" ಎಂದೆ.

"ಸೊಂಟ, ಅಮ್ಮಾವ್ರೇ."

"ಸೊಂಟ ನನಗೂ ಉಂಟು. ಅದಕ್ಕೆ ಹುಣ್ಣು ಮಾಡಿಕೊಂಡಿಲ್ಲ."

"ನಿಮ್ಮದು ಮನುಷ್ಯರ ಸೊಂಟ. ಇದು ಹಡಗಿನದ್ದು." ಅವಳು ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು. "ನಾನೂ ನಿಮ್ಮ ಗುಡ್ಡದ ಶಾಲೆಯವಳೇ ಗೊತ್ತುಂಟಾ? ಪುಸ್ತಕ ತಲೆಯಿಂದ ಬೀಳ್ತಿತ್ತು ಅಂತ ಸಿಸ್ಟರ್ ಹೊರಗೆ ಹಾಕಿದ್ರು."

"ಸರಿಯಾಗಿಯೇ ಹಾಕಿದ್ದಾರೆ."

"ನಾನೂ ಹಾಗೇ ಹೇಳುವುದು. ಇಲ್ಲದಿದ್ರೆ ನಾನೂ ನಿಮ್ಮ ಹಾಗೆ ಕಂಬ ನುಂಗಿದವಳಂತೆ ನಡೀಬೇಕಿತ್ತು."

ಬಾಗಿಲ ಬಳಿ ಕುಳಿತಿದ್ದ ಅಡುಗೆಯವನ ಹೆಂಡತಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ನಾನು ನೋಡಿದೆನೆಂದು ತಿಳಿದ ಮೇಲೆ ಕೆಮ್ಮಿದಳು.

ಉಪ್ಪಿನ ಮೂಟೆ ಎಡಕ್ಕೇ ಏಕೆ ಎಂದು ನಾನು ಕೇಳಬೇಕಾಯಿತು. ನಡೆಗಾರ್ತಿ ಕಾಯುವವರನ್ನು ಅಂಗಳಕ್ಕೆ ಕರೆದಳು. "ನಿಮ್ಮ ನಿಮ್ಮ ಗಂಡಂದಿರು ಊರಿಗೆ ಬಂದಾಗ ಹೇಗೆ ನಡೀತಿದ್ರು, ಅಮ್ಮಾವ್ರಿಗೆ ತೋರಿಸಿ" ಎಂದಳು.

ಮೊದಲು ಅವರಿಗೆ ನಾಚಿಕೆಯಾಯಿತು. ಆಮೇಲೆ ಒಬ್ಬಳು ಸೀರೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿ, ಬಲಕ್ಕೆ ಓಲಿ, ಎಡಗಾಲನ್ನು ಎಳೆದುಕೊಂಡು ನಡೆದಳು. "ನನ್ನವ ಹೀಗೆ. ಬಾವಿಗೆ ಬೀಳುವವನ ಹಾಗೆ."

"ನನ್ನವ ನೋಡು, ಕಳ್ಳು ಕುಡಿಯದೇ ಕುಡಿದವನ ಹಾಗೆ," ಎಂದು ಇನ್ನೊಬ್ಬಳು ಬಲಕ್ಕೆ ಓಲಿದಳು.

"ಮಾರಾಯ್ತಿ, ನನ್ನವನು ಮಲಗಿದರೂ ಬಲಕ್ಕೇ. ಹಾಸಿಗೆಯಲ್ಲಿ ನನಗೆ ಜಾಗವೇ ಇಲ್ಲ," ಎಂದಳು ಅಡುಗೆಯವನ ಹೆಂಡತಿ.

ಅವರು ನಕ್ಕರು. ಗಂಡಂದಿರಾಗಿ ಅಂಗಳದಲ್ಲಿ ಸುತ್ತು ಹಾಕುತ್ತ ನಕ್ಕರು. ಎಲ್ಲರೂ ಬಲಕ್ಕೆ ಓಲಿದ್ದರು. ಅವರ ಹಿಂದೆ ಅವರ ಮಕ್ಕಳು ಓಡಿ ಬಂದರು. ಆ ಮಕ್ಕಳಿಗೆ ಯಾರೂ ಏನೂ ಹೇಳಿಕೊಟ್ಟಿರಲಿಲ್ಲ. ಅವರು ಅಪ್ಪಂದಿರ ಹಿಂದೆ ನಡೆದು ನಡೆಯಲು ಕಲಿತವರು. ಬಲಕ್ಕೆ ಓಲಿಕೊಂಡೇ ಓಡಿ ಬಂದರು. ಭಾನುವಾರ ನಾನು ಮಕ್ಕಳಿಗೆ ಸಾಲಾಗಿ ನಿಲ್ಲುವುದನ್ನು ಕಲಿಸುತ್ತೇನೆ; ಉಪ್ಪಿನ ಹಡಗಿನ ಮಕ್ಕಳು ಎಷ್ಟು ಹೇಳಿದರೂ ನೆಟ್ಟಗಾಗದ ಮಕ್ಕಳೆಂದು ನನಗೆ ಮೊದಲಿನಿಂದ ಗೊತ್ತು.

"ಇಡೀ ಆಯುಷ್ಯ ಬಲಕ್ಕೆ ಓಲಿ ನಿಂತರೆ, ಕಾಲ ಕೆಳಗಿನ ಹಲಗೆ ಯಾವ ಕಡೆ ಇಳಿದಿರಬೇಕು?" ಎಂದಳು ನಡೆಗಾರ್ತಿ.

ಎಡಕ್ಕೆ.

ಅಡುಗೆಯವನ ಹೆಂಡತಿ ಉಳಿದದ್ದನ್ನು ಹೇಳಿದಳು. ಎಂದೋ ಒಂದು ಮಳೆಗೆ ಹಡಗಿನ ಎಡಗಡೆಯಲ್ಲಿ ಉಪ್ಪು ನೆನೆದು ಕಲ್ಲಾಯಿತು. ಅದನ್ನು ಒಡೆದು ತೆಗೆಯಬೇಕಾದರೆ ಹಡಗು ಒಂದು ಋತು ದಡದಲ್ಲಿ ನಿಲ್ಲಬೇಕಾಗಿತ್ತು. ಒಡೆಯ ನಿಲ್ಲಿಸಲಿಲ್ಲ. ಅದರ ಮೇಲೆ ಹೊಸ ಉಪ್ಪು ಸುರಿಸಿದ. ಅದೂ ನೆನೆಯಿತು, ಅದೂ ಕಲ್ಲಾಯಿತು. ಅದರ ಮೇಲೆ ಮತ್ತೆ ಸುರಿಸಿದ. "ಎಲ್ಲರೂ ಬಲಕ್ಕೆ ನಿಲ್ಲಿ, ಸಾಕು" ಎಂದ. ಅವರು ಬಲಕ್ಕೆ ನಿಂತರು. ಉಣ್ಣುವಾಗ ಬಲಕ್ಕೆ, ಹಾಡುವಾಗ ಬಲಕ್ಕೆ. ಒಬ್ಬ ನಿದ್ದೆಗಣ್ಣಲ್ಲಿ ಎಡಕ್ಕೆ ಹೊರಳಿದರೆ ಉಳಿದವರು ಎದ್ದು ಅವನನ್ನು ಬಲಕ್ಕೆ ಎಳೆಯುತ್ತಿದ್ದರಂತೆ.

"ಯಾರೋ ಒಬ್ಬ ಹೊರಳಿರಬೇಕು ಅಮ್ಮಾ," ಎಂದಳು. ಅವಳ ಕಣ್ಣು ಒಣಗಿತ್ತು. ನಿಯಮ ಅವಳಿಗೆ ಗೊತ್ತಿತ್ತು.

ನಾನು ಚಿಪ್ಪನ್ನು ಮುಟ್ಟಿ ನೋಡಿದೆ. ಬೆರಳಿಗೆ ಕೂದಲು ಅಂಟಿಕೊಂಡಿತು. ಮನೆಗೆ ಹೋಗಿ ಸೀಗೆಪುಡಿ ಹಾಕಿ ಕೈ ತೊಳೆದೆ; ವಾಸನೆ ಹೋಗಲಿಲ್ಲ.

ಒಡೆಯ ನನ್ನ ಮನೆಗೆ ಬಂದ. ಪಡಸಾಲೆಯಲ್ಲಿ ಕಾಲು ಚಾಚಿ ಕುಳಿತ. ನನ್ನ ಮನೆಯಲ್ಲಿ ಯಾರೂ ಕಾಲು ಚಾಚುವುದಿಲ್ಲ.

"ಅಮ್ಮಾ, ನಿಮ್ಮ ಮನೆಯ ಹೊಟ್ಟೆ ಅಂದ್ರೆ ನಮ್ಮ ಊರಿಗೆ ದೇವರ ಗುಡಿ ಇದ್ದ ಹಾಗೆ," ಎಂದ.

"ಗುಡಿಯಲ್ಲಿ ಕಾಲು ಮಡಿಸಿ ಕೂತುಕೊಳ್ಳುತ್ತಾರೆ."

ಅವನು ನಕ್ಕು ಕಾಲು ಮಡಿಸಿದ. "ಆ ಹೆಂಗಸಿನ ಕೊಳಕನ್ನು ನೀವು ನೋಡಬೇಕಾ? ನಿಮ್ಮಂಥವರು? ಆ ದಿವಸ ನಿಮಗೆ ಸ್ವಲ್ಪ ಜ್ವರ ಬರಬಾರದಾ?"

"ನನಗೆ ಹೇಳದೆ ಕೇಳದೆ ಜ್ವರ ಬರುವುದಿಲ್ಲ."

"ವಾಸನೆಗೇ ನಿಮಗೆ ವಾಂತಿ ಬಂದರೆ? ಅದು ಹಡಗಿನದ್ದೋ, ಬರೀ ನಾತದ್ದೋ, ಹೇಳುವವರು ಯಾರು?"

"ನಾನು. ನಾತಕ್ಕೆ ನನಗೆ ಕೋಪ ಬರುತ್ತದೆ, ವಾಂತಿ ಬರುವುದಿಲ್ಲ. ನೀವಿನ್ನು ಹೊರಡಬಹುದು."

ಹೋಗುವಾಗ ನನ್ನ ಬೆನ್ನು ತಟ್ಟಲು ಕೈ ಎತ್ತಿದ. ನಾನು ನೋಡಿದೆ. ಕೈ ಇಳಿಸಿದ.

ನಡೆಯುವ ದಿನ ಬೆಳಿಗ್ಗೆ ನಾನು ಗಂಜಿ ಹಾಕಿ ಇಸ್ತ್ರಿ ಮಾಡಿದ ಬಿಳಿ ಸೀರೆ ಉಟ್ಟು ಪೀಠದ ಮೇಲೆ ಕುಳಿತೆ. ಊರೆಲ್ಲ ಮೆಟ್ಟಿಲುಗಳ ಮೇಲೆ, ಮಾಳಿಗೆಗಳ ಮೇಲೆ. ಒಡೆಯನ ಆಳುಗಳು ಬುಟ್ಟಿ ಹೊತ್ತು ಎಲ್ಲರಿಗೂ ಶುಂಠಿಯ ಬರ್ಫಿ ಹಂಚುತ್ತಿದ್ದರು. ಜನ ಎರಡೆರಡು ತೆಗೆದುಕೊಂಡು ಬೆರಳು ನೆಕ್ಕುತ್ತಿದ್ದರು. ಶುಂಠಿ ಹೊಟ್ಟೆಯನ್ನು ಹಿಡಿದು ನಿಲ್ಲಿಸುತ್ತದೆ. ಇದು ಕಡಲಿಗೆ ಹೋಗುವ ಎಲ್ಲರಿಗೂ ಗೊತ್ತು, ನಮ್ಮ ಊರಿನ ಹಸುಗೂಸಿಗೂ ಗೊತ್ತು. ಆದರೂ ತಿಂದರು. ಸಿಹಿಯಾಗಿತ್ತು, ತಿಂದರು.

ಕಾಯುವವರು ಮಾತ್ರ ತಿನ್ನಲಿಲ್ಲ.

ಪೀಠದವಳಿಗೆ ವೀಳ್ಯ ಕೊಡುವುದು ಹಡಗಿನ ಒಡೆಯನ ಹಕ್ಕು. ಅದನ್ನು ಅವನ ಕೈಯಿಂದಲೇ ತೆಗೆದುಕೊಂಡು ಅಗಿದು ನುಂಗಬೇಕು. ನಾನು ಬಾಯಿಗೆ ಹಾಕಿಕೊಂಡು ಕಚ್ಚಿದೆ. ಎಲೆಯ ಒಳಗೆ ಅಡಿಕೆ ಇರಲಿಲ್ಲ. ಬೆಲ್ಲದಲ್ಲಿ ನೆನೆಸಿದ ಶುಂಠಿ ಇತ್ತು, ಅದರೊಳಗೆ ಇನ್ನೇನೋ ಬೇರು, ನಾಲಗೆ ಜೋಮು ಹಿಡಿಯುವಂಥದ್ದು. ಅವನು ನನ್ನ ಮುಖವನ್ನೇ ನೋಡುತ್ತಿದ್ದ. ನಾನು ಉಗುಳುವುದಿಲ್ಲವೆಂದು ಅವನಿಗೆ ಗೊತ್ತಿತ್ತು. ನನ್ನನ್ನು ಬೆಳೆಸಿದ ರೀತಿ ಊರಿಗೆಲ್ಲ ಗೊತ್ತು. ಬಾಯಿ ಮುಚ್ಚಿ ಅಗಿದೆ. ನುಂಗಿದೆ.

ನೀರಿನ ಅಂಚಿನಲ್ಲಿ ಶಂಖ ಊದಿದರು. ಹಡಗು ನಡೆದು ಬಂತು.

ನಾನು ಕಂಡದ್ದನ್ನು ಹೇಳುತ್ತೇನೆ. ಅಲ್ಲಿ ಹೆಂಗಸು ಇರಲಿಲ್ಲ. ಕಪ್ಪಗೆ, ಕೂದಲು ಜೋಲುವ, ಉಪ್ಪಿನ ನೀರು ಸುರಿಯುವ ಒಂದು ಒಡಲು ಇತ್ತು. ಅದು ಮೆಟ್ಟಿಲಿನ ಮೇಲೆ ಬಲಗಾಲಿಟ್ಟು, ತಡೆದು, ಎಡಸೊಂಟದ ಮೇಲೆ ತನ್ನ ಭಾರವನ್ನೆಲ್ಲ ನಿಧಾನವಾಗಿ ಇಳಿಸುತ್ತಿತ್ತು; ಇಳಿಸಿ, ಇನ್ನು ಏಳಲಾರದೆಂದು ನೋಡುವವರಿಗೆ ಅನ್ನಿಸಿದ ಮೇಲೆ ಒಂದು ಗಳಿಗೆ ಹಾಗೆಯೇ ಇದ್ದು, ಆಮೇಲೆ ಏಳುತ್ತಿತ್ತು. ಮತ್ತೆ ಬಲಗಾಲು. ಮತ್ತೆ ಆ ಇಳಿಯುವುದು. ಮತ್ತೆ ಆ ಗಳಿಗೆ. ಒಳಗಿನಿಂದ ಹಲಗೆ ನರಳುವ ಸದ್ದು ಬರುತ್ತಿತ್ತು. ಅದನ್ನು ಅವಳು ಗಂಟಲಿನಿಂದ ಮಾಡುತ್ತಿದ್ದಳೋ ಕೀಲಿನಿಂದ ಮಾಡುತ್ತಿದ್ದಳೋ ನನಗೆ ತಿಳಿಯದು. ಉಪ್ಪಿನ ಹಡಗಿನ ಮಕ್ಕಳು ತಾಯಂದಿರ ಕೈ ಬಿಡಿಸಿಕೊಂಡು ಬಂದು ಅದರ ಬಲಗಡೆ ಸಾಲಾಗಿ, ಬಲಕ್ಕೆ ಓಲಿಕೊಂಡು, ಮೆಟ್ಟಿಲು ಹತ್ತಿದರು. ಯಾರೂ ಕರೆದಿರಲಿಲ್ಲ. ಹಡಗು ಎಡಕ್ಕೆ ಇಳಿದಾಗ ಅವರು ಬಲಕ್ಕೆ ಓಲುತ್ತಿದ್ದರು. ಅದು ಎದ್ದಾಗ ಅವರೂ ಏಳುತ್ತಿದ್ದರು.

ಅದೇ ಹಡಗು. ನನ್ನ ಕಣ್ಣಿಗೆ ಗೊತ್ತಾಯಿತು, ಕಿವಿಗೆ ಗೊತ್ತಾಯಿತು. ನನ್ನ ಹೊಟ್ಟೆ ಮಾತ್ರ ಬೇರೆ ಯಾರದೋ ಹೊಟ್ಟೆಯಂತೆ ಬೆಚ್ಚಗೆ, ಸಿಹಿಯಾಗಿ, ಸುಮ್ಮನೆ ಕುಳಿತಿತ್ತು.

ಹಡಗು ನನ್ನ ಮುಂದೆ ಬಂದು ನಿಂತಿತು. ಎಡಕ್ಕೆ ಇಳಿದೇ ನಿಂತಿತು. ಊರೆಲ್ಲ ನನ್ನ ಮುಖ ನೋಡಿತು. ಮಾಳಿಗೆಯ ಮೇಲೆ ಯಾರೋ ತೇಗಿದರು.

"ಅಮ್ಮಾ, ಏನಾದರೂ ಆಗ್ತಾ ಉಂಟಾ?" ಎಂದು ಅಡುಗೆಯವನ ಹೆಂಡತಿ ಕೇಳಿದಳು.

"ಇಲ್ಲ."

"ಸ್ವಲ್ಪವೂ?"

"ಇಲ್ಲ. ವೀಳ್ಯದಲ್ಲಿ ಶುಂಠಿ ಇತ್ತು."

ಒಡೆಯ ಎರಡೂ ಕೈ ಎತ್ತಿ ಊರಿನ ಕಡೆ ತಿರುಗಿದ. "ಕೇಳಿದಿರಾ? ಶುಂಠಿಯಂತೆ. ಶುಂಠಿ ಒಳ್ಳೇದಲ್ವೇ ಮಾರಾಯ್ರೇ? ಖಾಲಿ ಹೊಟ್ಟೆಯಲ್ಲಿ ಕೂತ ಹೆಂಗಸಿಗೆ ಶುಂಠಿ ಕೊಟ್ಟದ್ದು ತಪ್ಪಾ?" ಜನ ನಕ್ಕರು. ನಕ್ಕವರ ಹಲ್ಲಿನ ಮೇಲೆ ಬರ್ಫಿ ಅಂಟಿತ್ತು.

ನಿಯಮದಲ್ಲಿ ಶುಂಠಿಯ ಮಾತಿಲ್ಲ. ವಾಂತಿಯಾಗದಿದ್ದರೆ ಅದು ಹಡಗಲ್ಲ, ಅದು ತಿರುಗಿ ನೀರಿಗೆ ಹೋಗಬೇಕು, ಕಾಯುವವರು ಕಾಯಬೇಕು. ಅಡುಗೆಯವನ ಹೆಂಡತಿ ನನ್ನ ಕಾಲ ಬಳಿ ಬಗ್ಗಿದಳು. ಯಾರಿಗೂ ಕೇಳದಂತೆ, "ಬೆರಳು ಹಾಕಿಕೊಳ್ಳಿ ಅಮ್ಮಾ," ಎಂದಳು. "ಸೆರಗು ಅಡ್ಡ ಹಿಡಿದು ಹಾಕಿಕೊಳ್ಳಿ. ನಾವು ಎಲ್ಲರೂ ಅಡ್ಡ ನಿಲ್ತೇವೆ. ನನಗೆ ಇನ್ನು ಒಂದು ದಿವಸವೂ ಆ ತಟ್ಟೆ ಬಡಿಸಲಿಕ್ಕೆ ಆಗುವುದಿಲ್ಲ."

ನಾನು ಅವಳಿಗೆ ಇಲ್ಲ ಎಂದೆ. ನಮ್ಮ ಮನೆಯಲ್ಲಿ ಬೆರಳು ಹಾಕಿಕೊಂಡವರಿಲ್ಲ. ಇಂದು ಕನಿಕರಕ್ಕೆ ಹಾಕಿಕೊಂಡ ಬೆರಳನ್ನು ನಾಳೆ ಒಡೆಯ ಹಾಕಿಸುತ್ತಾನೆ. ಆಮೇಲೆ ಕನ್ನಡಿಯ ಹಡಗುಗಳೂ ಹಡಗುಗಳಾಗುತ್ತವೆ. ಇದನ್ನು ಅವಳಿಗೆ ವಿವರಿಸಲಿಲ್ಲ. "ಇಲ್ಲ" ಎಂದಷ್ಟೇ ಹೇಳಿ, ಎರಡೂ ಕೈಗಳನ್ನು ಎಲ್ಲರಿಗೂ ಕಾಣುವಂತೆ ಮೊಣಕಾಲಿನ ಮೇಲೆ ಇಟ್ಟುಕೊಂಡೆ. ಅವಳು ನನ್ನನ್ನು ನೋಡಿದ ನೋಟವನ್ನು ನಾನು ತಲೆ ತಗ್ಗಿಸದೆ ನೋಡಿದೆ.

"ತಿರುಗಮ್ಮಾ, ತಿರುಗು," ಎಂದ ಒಡೆಯ ಹಡಗಿಗೆ.

ಹಡಗು ತಿರುಗಲಿಲ್ಲ. ಎಡಕ್ಕೆ ಇನ್ನೂ ಸ್ವಲ್ಪ ಇಳಿಯಿತು. ಮೆಟ್ಟಿಲಿನ ಮೇಲೆ ಕೆಂಪು ನೀರು ಹನಿಯುತ್ತಿತ್ತು. ಮಕ್ಕಳು ಬಲಕ್ಕೆ ಇನ್ನೂ ಸ್ವಲ್ಪ ಓಲಿದರು.

ಆಗ ಒಡೆಯ ಮಕ್ಕಳ ಹತ್ತಿರ ಹೋದ. ಅವನು ಬೈಯಲಿಲ್ಲ. ಅದನ್ನು ನಾನು ಒತ್ತಿ ಹೇಳುತ್ತೇನೆ: ಬೈಯಲಿಲ್ಲ, ಹೊಡೆಯಲಿಲ್ಲ. ನನ್ನ ಪೀಠದ ಬಳಿ, ಸಾಲಿನ ತುದಿಯಲ್ಲಿದ್ದ ಅಡುಗೆಯವನ ಮಗಳ ಮುಂದೆ ಮಂಡಿಯೂರಿ ಕುಳಿತ. ಅವಳು ತುಂಬಾ ಚಿಕ್ಕವಳು. ತೇವವಾದ ಎರಡೂ ಅಂಗೈಗಳಿಂದ ಅವಳ ಹೆಗಲು ಹಿಡಿದು, ಬಹಳ ಮೃದುವಾಗಿ, ಅವಳನ್ನು ನೆಟ್ಟಗೆ ಮಾಡಿದ.

"ನೋಡು ಪುಟ್ಟೀ, ಹೀಗೆ ನಿಲ್ಲಬೇಕು. ಎಷ್ಟು ಚಂದ. ಅಪ್ಪ ಬರ್ತಾನೆ ಅಲ್ವಾ? ಬಂದಾಗ ಸೊಟ್ಟ ಇರಬಾರದು." ಅವಳ ಬಾಯಿಗೆ ಒಂದು ಬರ್ಫಿ ಇಟ್ಟ. ಕೈ ಬಿಟ್ಟ.

ಮಗು ನೆಟ್ಟಗೆ ನಿಂತಿತು. ಬಾಯಿ ಸಿಹಿಯಾದ್ದರಿಂದ ನಕ್ಕಿತು. ಆಮೇಲೆ ಅದಕ್ಕೆ ತನ್ನ ತಂದೆಯ ನಡೆ ತಪ್ಪಿತು. ಒಂದು ಹೆಜ್ಜೆ ಇಟ್ಟಿತು, ಎಡಕ್ಕೆ ಬಿತ್ತು. ಎದ್ದಿತು, ಎಡಕ್ಕೆ ಬಿತ್ತು. ಬರ್ಫಿಯ ಜೊಲ್ಲು ಗಲ್ಲದ ಮೇಲೆ ಇಳಿಯಿತು. ಒಡೆಯ "ಭೇಷ್" ಎಂದು ಅದರ ಬೆನ್ನು ತಟ್ಟಿದ. ತಟ್ಟಿ, ಮುಂದಿನ ಮಗುವಿನ ಹೆಗಲಿಗೆ ಕೈ ಹಾಕಿದ.

ನಾನೂ ಮಕ್ಕಳ ಬೆನ್ನು ನೆಟ್ಟಗೆ ಮಾಡಿದವಳೇ. ಬೆತ್ತದಿಂದ ಮಾಡಿದ್ದೇನೆ. ಅದಕ್ಕೆ ಯಾರ ಬಾಯಿಗೂ ಸಿಹಿ ಇಟ್ಟಿಲ್ಲ.

ನನ್ನ ಹೊಟ್ಟೆಯಲ್ಲಿ ಶುಂಠಿ ಇತ್ತು, ಬೆಲ್ಲ ಇತ್ತು, ಹೆಸರಿಲ್ಲದ ಬೇರು ಇತ್ತು. ಅವುಗಳ ಅಡಿಯಿಂದ ಕಡಲು ಎದ್ದಿತು. ಪೀಠ ಎಡಕ್ಕೆ ಇಳಿಯಿತು, ಧಕ್ಕೆ ಎಡಕ್ಕೆ ಇಳಿಯಿತು, ಊರು, ಮಾಳಿಗೆ, ಬರ್ಫಿಯ ಬುಟ್ಟಿ ಎಲ್ಲವೂ ಎಡಕ್ಕೆ ಇಳಿದು ಆ ಗಳಿಗೆಯಲ್ಲಿ ಹಾಗೆಯೇ ನಿಂತವು. ನಾನು ವಾಂತಿ ಮಾಡಿದೆ. ನನ್ನ ತಾಯಿ ಮಾಡಿದಂತೆ ಮಾಡಲಿಲ್ಲ. ಗಂಜಿ ಹಾಕಿದ ಸೀರೆಯ ಮೇಲೆ ಮಾಡಿದೆ, ಮೆಟ್ಟಿಲಿನ ಮೇಲೆ ಮಾಡಿದೆ, ಮಂಡಿಯೂರಿದ್ದ ಒಡೆಯನ ಬೆನ್ನಿನ ಮೇಲೆ, ಅವನ ಜರಿಯ ಶಾಲಿನ ಮೇಲೆ ಮಾಡಿದೆ. ನನ್ನ ಬೆರಳುಗಳು ಮೊಣಕಾಲಿನ ಮೇಲೆಯೇ ಇದ್ದವು. ಎಲ್ಲರೂ ನೋಡಿದ್ದಾರೆ.

ಮಾಳಿಗೆಯ ಮೇಲೆ ಯಾರೋ ಒಬ್ಬರಿಗೆ ಆಯಿತು. ಇನ್ನೊಬ್ಬರಿಗೆ ಆಯಿತು. ಆಮೇಲೆ ಸಾಲುಸಾಲಾಗಿ, ಬರ್ಫಿಯೊಡನೆ, ಎಲ್ಲರಿಗೂ ಆಯಿತು.

"ಹೌದು, ಅದೇ," ಎಂದಿತು ಊರು, ಬಾಯಿ ಒರೆಸಿಕೊಳ್ಳುತ್ತ.

ಕಾಯುವವರು ಮುಡಿಯ ಹೂವನ್ನು ಕಿತ್ತು ಎಸೆದರು. ಅವರು ಅತ್ತದ್ದನ್ನು ನಾನು ವರ್ಣಿಸುವುದಿಲ್ಲ. ಅದು ಅವರ ಸ್ವತ್ತು. ಹಡಗು ಎಡಕ್ಕೆ ಇಳಿಯಿತು, ಮತ್ತೆ ಏಳಲಿಲ್ಲ. ಚಿಪ್ಪು ಮೆಟ್ಟಿಲಿನ ಮೇಲೆ ಒಡೆಯಿತು. ಒಳಗಿನಿಂದ ಒಬ್ಬ ಹೆಂಗಸನ್ನು ಎಳೆದು ತೆಗೆದೆವು.

ಮರುದಿನ ಒಡೆಯ ಸಭೆ ಕರೆದ. ಅವನ ವಾದ ಇದು: ನನಗೆ ವಾಂತಿಯಾದದ್ದು ಹಡಗನ್ನು ನೋಡಿ ಅಲ್ಲ, ತನ್ನನ್ನು ನೋಡಿ. ಆದ್ದರಿಂದ ಅದು ಲೆಕ್ಕಕ್ಕಿಲ್ಲ. ಹಡಗು ಇನ್ನೂ ದಾರಿಯಲ್ಲಿದೆ. ಹೆಂಗಸರು ಹೂವು ಮುಡಿಯಬೇಕು. ಶಾಲು ಹಾಳುಮಾಡಿದ್ದಕ್ಕೆ ನಾನು ಕ್ಷಮೆ ಕೇಳಬೇಕು. ಸಭೆಯವರು ತಲೆ ಆಡಿಸಿದರು. ಚಿಪ್ಪಿನ ಸಾಲೆಗೆ ಬೀಗ ಹಾಕಿದರು. ಉಪ್ಪಿನ ಹಡಗಿನ ಚಿಪ್ಪು ಇನ್ನೂ ಮೆಟ್ಟಿಲಿನ ಮೇಲೆ ಬಿದ್ದಿದೆ. ನಾಯಿಗಳು ಬಂದು ಉಪ್ಪು ನೆಕ್ಕುತ್ತವೆ. ಹೂವಿನ ಮಾತಿಗೆ ಅಡುಗೆಯವನ ಹೆಂಡತಿ ಸಭೆಗೆ ಕೊಟ್ಟ ಉತ್ತರವನ್ನು ನಾನು ಇಲ್ಲಿ ಬರೆಯಲಾರೆ. ಒಮ್ಮೆ ಹೊರಬಂದ ಅಳುವನ್ನು ಒಳಗೆ ತುರುಕಲು ಯಾವ ಸಭೆಗೂ ಆಗಿಲ್ಲ, ಈ ಸಭೆಗೂ ಆಗುವುದಿಲ್ಲ.

ನಡೆಗಾರ್ತಿ ನನ್ನ ಮನೆಯ ಮುಂದಿನ ಕೋಣೆಯಲ್ಲಿ ಮಲಗಿದ್ದಾಳೆ. ಸೊಂಟದ ಹುಣ್ಣು ಕೀವಾಗಿದೆ. ದಿನಾ ನಾನೇ ತೊಳೆಯುತ್ತೇನೆ. ವಾಸನೆ ಬರುತ್ತದೆ, ಕಿಟಕಿ ತೆರೆದಿಡುತ್ತೇನೆ.

"ಅಮ್ಮಾವ್ರೇ, ನಿಜ ಹೇಳಿ. ನನ್ನ ಹಡಗಿಗೆ ಬಂದದ್ದೋ, ಅವನ ಮೋರೆಗೆ ಬಂದದ್ದೋ?" ಎಂದು ನಿನ್ನೆ ಕೇಳಿದಳು.

"ಅವನ ಕೈ ಎಲ್ಲಿ ಮುಗಿಯಿತು, ಹಡಗು ಎಲ್ಲಿ ಶುರುವಾಯಿತು, ನೀನೇ ತೋರಿಸು," ಎಂದೆ. "ಈಗ ಅಲುಗಾಡಬೇಡ."

ಸಭೆಗೂ ನನ್ನ ಉತ್ತರ ಅದೇ. ಶಾಲನ್ನು ನಾನು ತೊಳೆಸಿ ಕೊಡುವುದಿಲ್ಲ. ಒಡೆಯರು ಧಕ್ಕೆಗೆ ಬರಬೇಕು. ಬಾಯಲ್ಲಿ ಏನನ್ನೂ ಇಟ್ಟುಕೊಳ್ಳದೆ ಬರಬೇಕು, ಯಾರ ಬೆನ್ನನ್ನೂ ಮುಟ್ಟಬಾರದು. ಉಪ್ಪಿನ ಹಡಗು ಮುಳುಗಿತು ಎಂದು ಆ ಹೆಂಗಸರ ಎದುರಿಗೆ, ಆ ಮಕ್ಕಳ ಎದುರಿಗೆ, ಗಟ್ಟಿಯಾಗಿ ಹೇಳಬೇಕು. ಹೇಳಿ, ಕ್ಷಮೆ ಕೇಳಬೇಕು.